ಗೊರೇಬಾಳದ ಗದ್ದೆಯಲ್ಲಿ ಗೇರ್‌ಬಾಕ್ಸು

ಸೋಮವಾರ ಬೆಳಿಗ್ಗೆ ಕಾರಿನ ಬಾಗಿಲು ತೆಗೆದ ಕೂಡಲೇ ರೇಣುಕಾದೇವಿಯ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಸೀಟು ಹಿಂದಕ್ಕೆ ಸರಿದಿತ್ತು. ಕಾಲು ಪೆಡಲಿಗೆ ಎಟುಕಲಿಲ್ಲ. ಕನ್ನಡಿ ಆಕಾಶ ನೋಡುತ್ತಿತ್ತು. ಮುಂದಿನ ಜಾಲರಿಯ ತುಂಬ ಭತ್ತದ ಹೊಟ್ಟು. ಮಸ್ಕಿಯ ಓಣಿಯಲ್ಲಿ ನಿಂತ ಕಾರಿಗೆ ಭತ್ತದ ಹೊಟ್ಟು ಎಲ್ಲಿಂದ ಬರಬೇಕು?

ಯೋಚಿಸಲು ಹೊತ್ತಿರಲಿಲ್ಲ. ಸಂತೆಕಲ್ಲೂರಿನ ಪಶು ಆಸ್ಪತ್ರೆಯಲ್ಲಿ ಆಕೆ ಪಶು ಪರೀಕ್ಷಕಿ. ಅವತ್ತು ದನಗಳಿಗೆ ಲಸಿಕೆ ಹಾಕುವ ದಿನ. ಜನ ಆಗಲೇ ಎಮ್ಮೆ ಹೊಡೆದುಕೊಂಡು ಬಂದು ನಿಂತಿರುತ್ತಾರೆ. ಹೊರಟಳು. ಊರು ದಾಟಿ ವೇಗ ಏರಿದಾಗ ಕಾರು ಒಮ್ಮೆ ತಡವರಿಸಿ, ಹಿಂದಿನಿಂದ ಯಾರೋ ನೂಕಿದಂತೆ ಮುಂದಕ್ಕೆ ಜಿಗಿಯಿತು. ಸ್ವಲ್ಪ ದೂರದಲ್ಲಿ ಮತ್ತೆ ಅದೇ. ಮೊಣಕಾಲು ನೋವಿಗೆಂದೇ ಕ್ಲಚ್ಚಿಲ್ಲದ, ಗೇರು ತಾನೇ ಬದಲಿಸಿಕೊಳ್ಳುವ ಕಾರನ್ನು ಹುಡುಕಿ ಕೊಂಡಿದ್ದಳು. ಕೊಂಡ ದಿನವೇ ಗಂಡ ಸಿದ್ದರಾಮೇಶ ಅದನ್ನೊಂದು ಸುತ್ತು ಹಾಕಿ ನೋಡಿ, "ಗೇರಿಲ್ಲದ ಗಾಡಿ ಅಂದ್ರ ಉಪ್ಪಿಲ್ಲದ ಸಾರು" ಎಂದು ಮೂಗು ಮುರಿದಿದ್ದ. ಲಿಂಗಸುಗೂರು ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು ಆತ. ಮೂಗು ಮುರಿದ ಮೇಲೆ ಕಾರಿನ ಉಸಾಬರಿಗೆ ಬರುವುದಿಲ್ಲ ಎಂದು ಆಕೆ ನೆಮ್ಮದಿಯಿಂದಿದ್ದಳು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ನಿನ್ನೆ ನಾ ತವರಿಗೆ ಹೋದಾಗ ಕಾರು ಎಲ್ಲಿಗೆ ಒಯ್ದಿದ್ರಿ?"

"ಯಾವ ಕಾರು?"

"ನಮ್ಮ ಮನಿಯಾಗ ಹತ್ತು ಕಾರು ಅದಾವಲ್ಲ, ಅದ್ರಾಗಿಂದು ಒಂದು."

ಸಿದ್ದರಾಮೇಶ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮೌಲಾಹುಸೇನನೇ ಬಾಯಿ ಬಿಟ್ಟ. ಇವನ ಬಸ್ಸಿನಲ್ಲೇ ವರ್ಷಗಟ್ಟಲೆ ಕಂಡಕ್ಟರಾಗಿದ್ದವನು. ನಿವೃತ್ತಿಯಾದ ಮೇಲೂ ಜೋಡಿ ಮುರಿದಿರಲಿಲ್ಲ. "ತಂಗೆವ್ವ, ಸಿಟ್ಟಾಗಬ್ಯಾಡ. ಗೊರೇಬಾಳದಾಗ ಭತ್ತ ಕೊಯ್ದ ಗದ್ದ್ಯಾಗ ಮಣ್ಣಿನ ಟ್ರ್ಯಾಕ್ ಮಾಡ್ಯಾರ. ಕಾರಿನ ಓಟ ಐತಿ. ಗೇರಿಲ್ಲದ ಗಾಡಿಗೆ ಬ್ಯಾರೇನ ಪಂದ್ಯ. ಸಿದ್ದಣ್ಣ ಹೆಸರು ಕೊಟ್ಟಾನ."

"ಹೆಸರು ಯಾರದು ಕೊಟ್ಟಾರ? ಕಾರು ಯಾರದು?"

ಮೌಲಾಹುಸೇನ ಖಾಲಿ ಕಪ್ಪನ್ನೇ ಮತ್ತೆ ಬಾಯಿಗಿಟ್ಟ.

ಮರುದಿನ ರಜೆ ಹಾಕಿ ಆಕೆ ಸಿಂಧನೂರಿಗೆ ಕಾರು ಒಯ್ದಳು. ಗಂಡ ಪಕ್ಕದಲ್ಲಿ ಕೂತಿದ್ದ. ಅಲ್ಲಿ ಜಬೀವುಲ್ಲಾನ ಗ್ಯಾರೇಜು. ಅವನು ಗೇರ್‌ಬಾಕ್ಸಿನ ಎಣ್ಣೆ ಇಳಿಸಿದ. ಕೆಂಪಗಿರಬೇಕಾದದ್ದು ಇದ್ದಿಲ ನೀರಿನಂತೆ ಕಪ್ಪಗೆ ಬಂತು. ಬೆರಳಿಗೆ ಹಚ್ಚಿ ಮೂಸಿ, ಸಿದ್ದರಾಮೇಶನ ಕಡೆ ತಿರುಗಿದ.

"ಎರಡೂ ಕಾಲಿಲೆ ಹೊಡೀತೀರೇನ್ರೀ ಸಾಹೇಬ್ರ?"

"ಮತ್ತ? ದೇವ್ರು ಎರಡು ಕಾಲು ಕೊಟ್ಟಾನ."

"ಎಡಗಾಲು ಬ್ರೇಕಿನ ಮ್ಯಾಲೆ, ಬಲಗಾಲು ಎಕ್ಸಿಲೇಟರ್ ಮ್ಯಾಲೆ, ಎರಡೂ ಒಮ್ಮೆಗೇ?"

"ತಿರುವಿನಾಗ ಎಳೆತ ಬಿಡಬಾರದು ನೋಡು, ಅದಕ್ಕ..."

ರೇಣುಕಾದೇವಿ ಹಣೆ ಹಣೆ ಬಡಿದುಕೊಂಡಳು. ಇಡೀ ಜನ್ಮ ಕ್ಲಚ್ಚು ತುಳಿದ ಎಡಗಾಲು, ಕ್ಲಚ್ಚಿಲ್ಲದ ಕಾರಿನಲ್ಲಿ ಸುಮ್ಮನಿರಲಾರದೆ ಬ್ರೇಕಿನ ಮೇಲೆ ಹೋಗಿ ಕೂತಿತ್ತು. ಎಂಜಿನ್ನು ಮುಂದೆ ಎಳೆಯುವಾಗ ಬ್ರೇಕು ಹಿಂದಕ್ಕೆ ಹಿಡಿದರೆ, ಆ ಜಗಳವೆಲ್ಲ ಒಳಗಿನ ಎಣ್ಣೆಯಲ್ಲಿ ನಡೆಯುತ್ತದೆ, ಎಣ್ಣೆ ಕುದಿಯುತ್ತದೆ ಎಂದ ಜಬೀವುಲ್ಲಾ. ಎಣ್ಣೆ ಬದಲಿಸಿದ. "ಪಂದ್ಯಕ್ಕ ಬಿಡೂದಿದ್ರ ಮುಂದ ಎಣ್ಣಿ ತಣ್ಣಗ ಮಾಡೂ ಇನ್ನೊಂದು ಆಯಿಲ್ ಕೂಲರ್ ಕೂಡಸ್ರಿ ಮೇಡಂ. ಇಲ್ಲಂದ್ರ ಬಿಡಬ್ಯಾಡ್ರಿ."

"ಬಿಡೂದಿಲ್ಲ," ಎಂದಳು ರೇಣುಕಾದೇವಿ. ಕಾರಿನ ಕೀಲಿಯನ್ನು ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿ ಚೈನು ಎಳೆದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಿದ್ದರಾಮೇಶ ಮುನಿಸಿಕೊಂಡರೆ ಕೂಗಾಡುವ ಆಸಾಮಿಯಲ್ಲ, ಒಳ್ಳೆಯವನಾಗಿಬಿಡುತ್ತಾನೆ. ಕೇಳದೆಯೇ ನೀರು ತುಂಬಿದ, ತೊಗರಿಬೇಳೆ ಆರಿಸಿದ, ರೊಟ್ಟಿ ಸೀದಿದ್ದರೂ "ಛಲೋ ಆಗ್ಯಾವ" ಎಂದ. ಇಡೀ ದಿನ ಕಟ್ಟೆಯ ಮೇಲೆ ಕೂತು ಹೋಗುವ ಬಸ್ಸುಗಳ ನಂಬರು ಓದಿದ. ಈ ಒಳ್ಳೆಯತನ ವಾರವಿಡೀ ನಡೆಯುವ ಹೊತ್ತಿಗೆ ಆಕೆಗೆ ತಲೆ ಚಿಟ್ಟು ಹಿಡಿಯಿತು.

"ಏನಾಗ್ಯದ್ರಿ ನಿಮಗ? ಬೈಯೂದಿದ್ರ ಬೈದುಬಿಡ್ರಿ."

"ಬೈಯಾಕ ಏನೈತಿ. ನಾ ಬರೂ ಹಾದಿ ಜನ ಕಾಯ್ತಿದ್ರು ರೇಣುಕಾ. ಮಳಿ ಇರ್ಲಿ, ಬಿಸಿಲಿರ್ಲಿ, ಕಾಯ್ತಿದ್ರು. ಈಗ ನಾ ಕಾಯೂದು ಮುಂಜಾನಿ ಚಾ, ಮಧ್ಯಾಹ್ನ ಊಟ." ಅಷ್ಟು ಹೇಳಿ ಆತ ಬೇಳೆಯ ಮೊರದ ಕಡೆ ತಿರುಗಿದ.

ಆಕೆಗೆ ಅಯ್ಯೋ ಅನಿಸಿತು. ಅಯ್ಯೋ ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಬಂದ ಸಿಟ್ಟಿನಲ್ಲೇ ಜಬೀವುಲ್ಲಾನಿಗೆ ಫೋನು ಮಾಡಿ ಕೂಲರ್ ಹಾಕಲು ಹೇಳಿದಳು. ಗಂಡನಿಗೆ ಷರತ್ತು ಹೇಳಿದಳು: ತಾಲೀಮಿಗೆ ತಾನೂ ಬರುತ್ತೇನೆ, ತಾನು ನಿಲ್ಲಿಸು ಎಂದರೆ ನಿಲ್ಲಿಸಬೇಕು.

ಕಾಲುವೆಗೆ ನೀರು ಬಿಡುವುದು ನಿಂತ ಮೇಲಿನ ಬೇಸಿಗೆ. ಗೊರೇಬಾಳದ ಗದ್ದೆ ಒಣಗಿ ಹಪ್ಪಳವಾಗಿತ್ತು. ಬದುಗಳನ್ನು ಒಡೆದು, ಟ್ರ್ಯಾಕ್ಟರಿನಿಂದ ಎಳೆದು, ಹಗ್ಗ ಕಟ್ಟಿ ಅಂಕುಡೊಂಕಾದ ದಾರಿ ಮಾಡಿದ್ದರು. ಒಂದು ಕಾರು ಹೋದರೆ ಧೂಳಿನ ಜೊತೆ ಹೊಟ್ಟೂ ಹುಲ್ಲಿನ ಚೂರೂ ಎದ್ದು ತಾಸುಗಟ್ಟಲೆ ಗಾಳಿಯಲ್ಲೇ ಇರುತ್ತಿತ್ತು. ಮೊದಲ ತಾಲೀಮಿಗೆ ಸಿದ್ದರಾಮೇಶ ಕಾರಿನ ಮೂತಿಗೆ ಸೊಳ್ಳೆ ಪರದೆ ಕಟ್ಟಿಕೊಂಡು ಬಂದ.

"ಇದೇನ್ರೀ ಮದುಮಗನ ಬಾಸಿಂಗದಂಗ?"

"ಕೂಲರಿಗೆ ಹೊಟ್ಟು ಹೋಗಬಾರದಲ್ಲ. ನಂದ ಐಡಿಯಾ." ಹೆಮ್ಮೆಯಿಂದ ಹೇಳಿದ.

ಎರಡು ಸುತ್ತು ಮುಗಿಯುವಷ್ಟರಲ್ಲಿ ಗೇರ್‌ಬಾಕ್ಸು ಬಿಸಿಯಾಯಿತೆಂದು ಎಚ್ಚರಿಕೆಯ ದೀಪ ಹತ್ತಿತು. ಸೊಳ್ಳೆ ಪರದೆಯ ಸಣ್ಣ ಕಣ್ಣುಗಳಲ್ಲಿ ಧೂಳು ಮೆತ್ತಿ, ಹೊಟ್ಟಿನ ಜೊತೆ ಗಾಳಿಯೂ ಹೊರಗೇ ಉಳಿದಿತ್ತು. ದೀಪ ಕಂಡವನೇ ಆತ ಕಾರು ನಿಲ್ಲಿಸಿ, ಬಹಳ ಜಾಣನಂತೆ ಎಂಜಿನ್ ಬಂದ್ ಮಾಡಿ ಇಳಿದ. ರೇಣುಕಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗದ್ದೆಯಲ್ಲಿ ಓಡಿದಳು.

"ಬಂದ್ ಮಾಡಬ್ಯಾಡ್ರೀ! ಚಾಲೂ ಇಡ್ರಿ! ಬಂದ್ ಮಾಡಿದ್ರ ಎಣ್ಣಿ ತಿರುಗೂದಿಲ್ಲ, ಫ್ಯಾನೂ ತಿರುಗೂದಿಲ್ಲ, ಕಾವೆಲ್ಲ ಒಳಗ ಕುಂದರ್ತದ ಅಂತ ಜಬೀವುಲ್ಲಾ ಹೇಳಿಲ್ಲೇನು?"

"ಬಿಸಿ ಆದ ಗಾಡಿ ಬಂದ್ ಮಾಡದ ಮತ್ತೇನು, ಪೂಜೆ ಮಾಡ್ಲೇನು?"

"ನಿಮ್ಮಪ್ಪ ಓಟದ ಎತ್ತು ಸಾಕಿದ್ರಲ್ಲ? ಓಡಿ ಬಂದ ಎತ್ತಿನ್ನ ಹಂಗ ಗೂಟಕ್ಕ ಕಟ್ಟತಿದ್ರೇನು? ಅಡ್ಡಾಡಿಸಿ, ಬೆವರು ಆರಿಸಿ, ಆಮ್ಯಾಲೆ ಕಟ್ಟತಿದ್ರೋ ಇಲ್ಲೋ?"

ಸಿದ್ದರಾಮೇಶ ಹೋಗಿ ಎಂಜಿನ್ ಮತ್ತೆ ಚಾಲೂ ಮಾಡಿದ. ಜಬೀವುಲ್ಲಾ ಎಷ್ಟು ಹೇಳಿದರೂ ತಲೆಗೆ ಇಳಿಯದ್ದು ಎತ್ತಿನ ಮಾತಿಗೆ ಇಳಿಯಿತು. ಅವತ್ತಿನಿಂದ ಎರಡು ಸುತ್ತು ಜೋರಾಗಿ ಓಡಿಸಿದರೆ ಒಂದು ಸುತ್ತು ಅಡ್ಡಾಡಿಸುವಂತೆ ನಿಧಾನ ಓಡಿಸತೊಡಗಿದ. ಪರದೆಯ ಬದಲು ದೊಡ್ಡ ಕಣ್ಣಿನ ಜಾಲರಿ ಬಂತು. ಪ್ರತಿ ಓಟದ ನಂತರ ಮೌಲಾಹುಸೇನ ಕುಂಚದಿಂದ ಅದನ್ನು ಉಜ್ಜುತ್ತಿದ್ದ. ಕಾರು ಪದೇಪದೇ ಗೇರು ಏರಿಸಿ ಇಳಿಸಿ ಒದ್ದಾಡದಿರಲಿ ಎಂದು ಸಿದ್ದರಾಮೇಶ ಗೇರಿನ ಕಡ್ಡಿಯನ್ನು ಪಕ್ಕಕ್ಕೆ ಸರಿಸಿ ಎರಡನೇ ಗೇರಿನಲ್ಲೇ ಹಿಡಿದಿಡಲು ಕಲಿತ. ಗೇರು ಕೈಗೆ ಸಿಕ್ಕಿದ್ದಕ್ಕೆ ಆತನ ಮುಖವೇ ಬೇರೆಯಾಯಿತು. ಎಡಗಾಲು ಮಾತ್ರ ಮಾತು ಕೇಳಲಿಲ್ಲ. ಅದು ಬ್ರೇಕಿನ ಕಡೆ ಹೊರಟಾಗಲೆಲ್ಲ ಪಕ್ಕದಲ್ಲಿ ಕೂತ ಮೌಲಾಹುಸೇನ ಮೊಣಕಾಲಿಗೆ ಚಟೀರೆಂದು ಹೊಡೆಯುತ್ತಿದ್ದ. ಇಬ್ಬರೂ ಜಗಳಾಡುತ್ತಲೇ ಸುತ್ತು ಮುಗಿಸುವರು. ಬದುವಿನ ಮೇಲೆ ಕೊಡೆ ಹಿಡಿದು ನಿಂತ ರೇಣುಕಾದೇವಿಗೆ, ಹುಚ್ಚು ಹಿಡಿದ ಹೋರಿಗಳಿಗೆ ಚುಚ್ಚುವ ಸೂಜಿಯೊಂದು ಇವರಿಗೂ ಇದ್ದಿದ್ದರೆ ಅನಿಸುತ್ತಿತ್ತು.

ಪಂದ್ಯದ ದಿನ ಬಿಸಿಲು ಬೆಂಕಿ ಉಗುಳುತ್ತಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜನ ಬದುಗಳ ಮೇಲೆ ಸಾಲುಗಟ್ಟಿದ್ದರು. ಮಂಡಕ್ಕಿ ಮಿರ್ಚಿಯ ಬಂಡಿಗಳು ಬಂದಿದ್ದವು. ಗೇರಿಲ್ಲದ ಕಾರುಗಳ ಪಂದ್ಯಕ್ಕೆ ಬಂದವರು ಮೂವರೇ: ಲಿಂಗಸುಗೂರಿನ ಒಬ್ಬ ಗುತ್ತಿಗೆದಾರ, ಸಿಂಧನೂರಿನ ಗೊಬ್ಬರದ ವ್ಯಾಪಾರಿ ಹಫೀಜ್, ಮತ್ತು ಸಿದ್ದರಾಮೇಶ. ಒಬ್ಬೊಬ್ಬರಾಗಿ ಟ್ರ್ಯಾಕಿಗಿಳಿದು ಐದು ಸುತ್ತು ಹಾಕಬೇಕು. ಕಡಿಮೆ ಹೊತ್ತಿನಲ್ಲಿ ಮುಗಿಸಿದವನು ಗೆದ್ದ.

ಗುತ್ತಿಗೆದಾರ ಅಚ್ಚುಕಟ್ಟಾಗಿ ಓಡಿಸಿ ಮುಗಿಸಿದ. ಹಫೀಜನದು ಎತ್ತರದ ಹೊಸ ಗಾಡಿ. ಶುರುವಿನಿಂದಲೇ ಅದು ಹುಲಿಯಂತೆ ಹಾರಿತು. ಜನ ಸಿಳ್ಳೆ ಹೊಡೆದರು. ನಾಲ್ಕನೇ ಸುತ್ತಿನಲ್ಲಿ ಹುಲಿ ಇದ್ದಕ್ಕಿದ್ದಂತೆ ಕತ್ತೆಯಾಗಿ, ಎಷ್ಟು ತುಳಿದರೂ ಗೊರ್ ಎನ್ನುತ್ತಾ ತೆವಳಿ, ತಿರುವಿನಲ್ಲಿ ನಿಂತೇಬಿಟ್ಟಿತು. ಅಡಿಯಿಂದ ಹೊಗೆ. ಟ್ರ್ಯಾಕ್ಟರ್ ಬಂದು ಸರಪಳಿ ಕಟ್ಟಿ ಎಳೆದೊಯ್ದಿತು. ಹಫೀಜ್ ತಲೆಯ ಮೇಲೆ ಕೈ ಹೊತ್ತು ಅದರ ಹಿಂದೆ ನಡೆದುಹೋದ. "ಬ್ಯಾಡ, ವಾಪಸ್ ಹೋಗೂಣು," ಎನ್ನಲು ರೇಣುಕಾದೇವಿ ಕಾರಿನ ಕಡೆ ಹೊರಟಳು. ಅಷ್ಟರಲ್ಲಿ ಬಾವುಟ ಬಿತ್ತು.

ಸಿದ್ದರಾಮೇಶ ಎರಡು ಸುತ್ತು ಚೆಂದ ಓಡಿಸಿದ. ಆತ ಹೀಗೆ ಓಡಿಸಬಲ್ಲ ಎಂದು ಆಕೆಗೇ ಗೊತ್ತಿರಲಿಲ್ಲ. ತಿರುವಿನಲ್ಲಿ ಕಾರು ನೀರಿನಂತೆ ಹೊರಳುತ್ತಿತ್ತು. ಮೂರನೆಯ ಸುತ್ತಿನ ನಡುವೆ ಕಾರಿನೊಳಗಿಂದ ಪೀಪಿಯ ಸದ್ದು ಕೇಳಿತು. ಕಾರು ಗಕ್ಕನೆ ನಿಂತಿತು. ಟ್ರ್ಯಾಕಿನ ನಟ್ಟನಡುವೆ.

ಆಮೇಲೆ ತಿಳಿಯಿತು. ದೀಪ ಹತ್ತಿದ್ದನ್ನು ಕಂಡ ಮೌಲಾಹುಸೇನ ಕೂಗಿದ್ದ. ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಎಲ್ಲಿಗೆ ಹೋದರೂ ಜೇಬಿನಲ್ಲಿಟ್ಟುಕೊಳ್ಳುವ ಕಂಡಕ್ಟರ್ ಪೀಪಿ ತೆಗೆದು, ನಿಧಾನ ಮಾಡು ಎಂದು ಒಮ್ಮೆ ಊದಿದ. ಒಂದು ಪೀಪಿಗೆ ಬಸ್ಸು ನಿಲ್ಲಿಸಿಯೇ ಬದುಕಿದ ಡ್ರೈವರು ಯೋಚಿಸಲೇ ಇಲ್ಲ, ನಿಲ್ಲಿಸಿದ.

"ಯಾಕ ಊದಿದಿಲೇ?"

"ದೀಪ ಹತ್ತೈತಿ, ಸಾವಕಾಶ ಹೋಗು ಅಂತ ಊದಿದೆ! ನಿಲ್ಲು ಅಂದ್ನೇನು?"

"ಒಂದು ಊದಿದ್ರ ನಿಲ್ಲೂದಲ್ದ ಏನು ಮಾಡ್ತಾರ? ಯಾರಾದ್ರೂ ಇಳಿಯಾವ್ರು ಅದಾರೇನು ಇಲ್ಲಿ?"

ಜನವೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ರೇಣುಕಾದೇವಿ ಹಗ್ಗದ ಹತ್ತಿರ ಬಂದು ಗಂಟಲು ಹರಿಯುವಂತೆ ಕೂಗಿದಳು. "ಅಲ್ಲೇ ಜಗಳ ಆಡಬ್ಯಾಡ್ರೀ! ಈ ಸುತ್ತು ಸಾವಕಾಶ ಹೋಗ್ರಿ, ದೀಪ ಆರ್ಲಿ, ಆಮ್ಯಾಲೆ ಓಡಸ್ರಿ!"

ಗಂಡ ಆಕೆಯತ್ತ ನೋಡಿದ. ಇವನು ಕೇಳುವುದಿಲ್ಲ, ರೋಷದಿಂದ ತುಳಿದೇ ತುಳಿಯುತ್ತಾನೆ, ನನ್ನ ಕಾರಿಗೂ ಸರಪಳಿಯೇ ಗತಿ ಎಂದುಕೊಂಡಳು. ಆದರೆ ಕಾರು ನಿಧಾನ ಹೊರಟಿತು. ಹಗ್ಗದಾಚೆಯಿಂದ ಯಾರೋ "ಎಮ್ಮಿ ಮೇಯಿಸಾಕ ಬಂದೀಯೇನೋ ಮುತ್ಯಾ!" ಎಂದು ಕಿರುಚಿದರು. ಸಿದ್ದರಾಮೇಶ ತಲೆ ತಿರುಗಿಸಲಿಲ್ಲ. ಆ ಸುತ್ತಿನ ಉಳಿದ ದಾರಿಯೆಲ್ಲ ನಗೆಯ ನಡುವೆಯೇ ಹಾಗೆ ತೆವಳಿ ಹೋದ. ರೇಣುಕಾದೇವಿಗೆ ಯಾಕೋ ಕಣ್ಣು ತುಂಬಿತು. ಧೂಳಿಗೆ ಎಂದು ಒರೆಸಿಕೊಂಡಳು. ದೀಪ ಆರಿತು. ಉಳಿದ ಎರಡು ಸುತ್ತು ಆತ ಮೊದಲಿನಂತೆಯೇ ಓಡಿಸಿದ. ನಕ್ಕವರೇ ಕೊನೆಗೆ ಕೇಕೆ ಹಾಕಿದರು.

ಹೀಗೆ ಮೂವರಲ್ಲಿ ಎರಡನೆಯವನಾದ. ಮೈಕಿನವನು ಹೆಸರು ಕೂಗಿದ ಕೂಡಲೇ ಕಾರನ್ನು ಹಾಗೇ ಬಿಟ್ಟು, ಮೌಲಾಹುಸೇನನ ಹೆಗಲ ಮೇಲೆ ಕೈ ಹಾಕಿ ಪೆಂಡಾಲಿಗೆ ಹೊರಟ. ಕಾರು ಬಿಸಿ ಉಸಿರು ಬಿಡುತ್ತಾ ನಿಂತಿತ್ತು. ಅದನ್ನು ಅಡ್ಡಾಡಿಸುವವರು ಯಾರು? ರೇಣುಕಾದೇವಿ ಬೈಯುತ್ತಾ ಒಳಗೆ ಕೂತಳು, ಸೀಟು ಮುಂದಕ್ಕೆ ಎಳೆದುಕೊಂಡಳು, ತಾನೇ ಟ್ರ್ಯಾಕಿಗಿಳಿದಳು. ಮೈಕಿನವನು ಸುಮ್ಮನಿರಬೇಕಲ್ಲ! "ಈಗ ಮೇಡಂ ಅವರು ಬರಾಕತ್ತಾರ... ಇವತ್ತಿನ ಎಲ್ಲಾರಕಿಂತ ನಿಧಾನದ ಸುತ್ತು!" ಎಂದ. ಜನ ಚಪ್ಪಾಳೆ ತಟ್ಟಿತು. ಆಕೆ ಕಿಡಿಕಿಡಿಯಾಗಿ ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು, ಒಂದು ಚೂರೂ ವೇಗ ಹೆಚ್ಚಿಸದೆ, ಇಡೀ ಸುತ್ತು ಮುಗಿಸಿಯೇ ಬಂದಳು.

ವಾಪಸು ಬರುವಾಗಲೂ ಆಕೆಯೇ ಓಡಿಸಿದಳು. ಕಾರು ಒಂದು ಗೇರಿನಿಂದ ಇನ್ನೊಂದಕ್ಕೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಗುತ್ತಿತ್ತು. ಹಿಂದೆ ಕೂತ ಇಬ್ಬರೂ ಸಿಕ್ಕ ಸಣ್ಣ ಕಪ್ಪನ್ನು ಯಾರ ಮನೆಯಲ್ಲಿಡಬೇಕು ಎಂದು ವಾದಿಸುತ್ತಿದ್ದರು. ಮಸ್ಕಿಯ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಸಿದ್ದರಾಮೇಶ ಮುಂದಕ್ಕೆ ಬಾಗಿದ.

"ರೇಣುಕಾ, ಸಿಟ್ಟಾಗಬ್ಯಾಡ. ಮಳಿಗಾಲದಾಗ ಲಿಂಗಸುಗೂರಿನ ಕಡೆ ರಾಡಿಯೊಳಗಿನ ಓಟ ಇಡ್ತಾರಂತ. ರಾಡಿಯಾಗ ಗಾಲಿ ಭಾಳ ತಿರುಗ್ತಾವ, ಗೇರ್‌ಬಾಕ್ಸ್ ಇನ್ನೂ ಬಿಸಿ ಆಗ್ತದ. ಅದಕ್ಕ ಈಗಿಂದನ ಏನಾರ ಯೋಚನಿ ಮಾಡಬೇಕಲ್ಲ, ಏನಂತಿ?"

ರೇಣುಕಾದೇವಿ ದಾರಿಯ ಮೇಲೆ ಕಣ್ಣಿಟ್ಟು ಓಡಿಸಿದಳು. ಉತ್ತರ ಕೊಟ್ಟರೆ ಕಾರು ಗಿಡಕ್ಕೆ ಗುದ್ದುತ್ತದೆಂದು ಭಯವಾಯಿತು. ಮನೆಯ ಮುಂದೆ ನಿಲ್ಲಿಸಿದ ಮೇಲೆ ಹಿಂತಿರುಗಿ ನೋಡಿದಳು. ಗಂಡನ ಹುಬ್ಬಿನ ಮೇಲೆ, ಮೀಸೆಯಲ್ಲಿ, ಕಿವಿಯೊಳಗೆ ಭತ್ತದ ಹೊಟ್ಟು ತುಂಬಿತ್ತು. ಉತ್ತರಕ್ಕೆ ಕಾಯುತ್ತಾ ಕೂತಿದ್ದ.

"ಮೊದ್ಲ ಹೋಗಿ ಜಳಕ ಮಾಡ್ರಿ," ಎಂದಳು. "ಮಳಿಗಾಲ ಇನ್ನೂ ಬಂದಿಲ್ಲ."

ಸಿದ್ದರಾಮೇಶ ಮೌಲಾಹುಸೇನನ ಪಕ್ಕೆಗೆ ತಿವಿದ. "ಇಲ್ಲ ಅಂದಿಲ್ಲ ನೋಡಲೇ," ಎಂದು ಪಿಸುಗುಟ್ಟಿದ್ದು ಆಕೆಗೆ ಸ್ಪಷ್ಟವಾಗಿಯೇ ಕೇಳಿಸಿತು.