ಎರಡೂ ತುದಿ ಮುಟ್ಟಿಸಿ ನೋಡಿದಳು

ಪೆನ್ನಿನ ಮುಚ್ಚಳದ ಮೇಲೆ ಯಾರದೋ ಹಲ್ಲಿನ ಗುರುತು, ಅವಳಿಗಿಂತ ಮುಂಚೆ ಇಲ್ಲಿ ಕೂತು ಸಹಿ ಹಾಕಿದವರು ಕಚ್ಚಿರಬೇಕು, ಪಾಪ, ಕೆಮಿಸ್ಟ್ರಿಯವಳೇ ಇರಬೇಕು, ತನಗೂ ಒಂಬತ್ತು ವರ್ಷದಿಂದ ಇದೇ ಕುರ್ಚಿ, ಇದೇ ಕರಾರಿನ ಕಾಗದ, ಭೌತಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿ, ಪಾಠದ ಗಂಟೆಗೆ ಇಷ್ಟು, ಲ್ಯಾಬಿನ ಎರಡು ಗಂಟೆ ಸೇರಿದರೆ ಲೆಕ್ಕಕ್ಕೆ ಒಂದು ಗಂಟೆ — ಯಾವ ಗಡಿಯಾರದಲ್ಲಿ ಸ್ವಾಮಿ? — ಮೇಜಿನ ಆ ಕಡೆ ಪ್ರಿನ್ಸಿಪಾಲರು ಕನ್ನಡಕ ಒರೆಸುತ್ತಿದ್ದಾರೆ, ಓದೋದೇನಿದೆಯಮ್ಮಾ, ಹೋದ ವರ್ಷದ್ದೇ, ಹಳೇದರ ಅವಧಿ ಇವತ್ತಿಗೆ ಮುಗೀತು, ಬೇಗ ಹಾಕಿ. ಹೋದ ವರ್ಷವೂ ಓದದೆ ಹಾಕಿದ್ದಳು, ರೀಡಿಂಗ್ ತಗೊಳ್ಳೋಕೆ ಮುಂಚೆ ಕನೆಕ್ಷನ್ ಪರೀಕ್ಷಿಸಿ ಎಂದು ಹುಡುಗಿಯರ ಮುಂದೆ ಗಂಟಲು ಹರಿದುಕೊಳ್ಳುವವಳು ತನ್ನ ಸರದಿ ಬಂದಾಗ ಕಣ್ಣು ಮುಚ್ಚಿ ಗೀಚಿದಳು, ಛೆ, ಇವತ್ತು ಬೆಳಿಗ್ಗೆ ತಾನೆ ಲ್ಯಾಬಿನಲ್ಲಿ ಕೊನೆಯ ಬೆಂಚಿನ ಹುಡುಗಿ, ಮೇಡಂ, ಮುಳ್ಳು ಸೊನ್ನೆಗೆ ಬರ್ತಾನೇ ಇಲ್ಲ, ತಂತಿ ಪೂರ್ತಿ ಸವರಿಬಿಟ್ಟೆ, ಮೀಟರಿನ ಮುಳ್ಳು ನಡುಗುತ್ತ ಬಲಕ್ಕೆ ವಾಲಿತ್ತು, ತಂತಿಯ ಈ ತುದಿ ಮುಟ್ಟಿಸು, ಬಲಕ್ಕೆ, ಆ ತುದಿ ಮುಟ್ಟಿಸು, ಮತ್ತೆ ಬಲಕ್ಕೆ, ಒಂದು ತುದಿಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ವಾಲಿದ್ರೆ ತಾನೆ ನಡುವೆ ಎಲ್ಲೋ ಸೊನ್ನೆ ಸಿಗೋದು, ಎರಡು ತುದಿಗೂ ಒಂದೇ ಕಡೆ ವಾಲಿದ್ರೆ ಕನೆಕ್ಷನ್ನೇ ತಪ್ಪು ಕಣೇ, ತಂತಿ ಉಜ್ಜಿ ಏನು ಪ್ರಯೋಜನ, ಬಿಚ್ಚು, ಮೊದಲಿಂದ ಜೋಡಿಸು — ಹೇಳಿದ್ದು ಹುಡುಗಿಗೆ, ಕೇಳಿಸಿದ್ದು ತನಗೆ.

ಇದ್ದ ಕೆಲ್ಸಾನೂ ಕಳ್ಕೋಬೇಡ್ವೇ, ಈ ಊರಲ್ಲಿ ಬಾಡಿಗೆ ಕಟ್ಟೋರು ಯಾರು, ಸುಮ್ನೆ ಸೈನ್ ಹಾಕಿ ಬಾ, ಒಳಗೆ ಬರುವ ಮುಂಚೆ ಫೋನಿನಲ್ಲಿ ಅಕ್ಕ ಅಂದದ್ದು, ಅವಳು ಹೇಳುವುದೂ ಸುಳ್ಳಲ್ಲ, ಭಯವಾಗುತ್ತಿದೆ, ತಾನೂ ಊರಿನ ನಾಲ್ಕು ದಿಕ್ಕಿಗೂ ಬಸ್ಸು ಬದಲಿಸಿ ಕಾಲೇಜು ಕಾಲೇಜು ಅಲೆದು ಕೆಲಸ ಕೇಳಿದ್ದಾಳೆ, ಎಲ್ಲ ಕಡೆ ಅದೇ ರಾಗ, ಲ್ಯಾಬಿನಲ್ಲಿ ಪಕ್ಕದ ಮೇಜಿನ ಖಾಯಂ ಸರ್ ಮಾಡಿಸುವುದೂ ಅದೇ ಪ್ರಯೋಗ, ಅದೇ ತಂತಿ, ಅವರಿಗೆ ಇವಳ ಐದು ಪಟ್ಟು, ರಜೆಯಲ್ಲೂ ಸಂಬಳ, ಒಳ್ಳೆಯವರೇ ಬಿಡಿ, ಟೀ ಯಾವಾಗಲೂ ಅವರೇ ಕೊಡಿಸುತ್ತಾರೆ, ಟೀ ಕುಡಿದುಕೊಂಡು ಎಷ್ಟು ವರ್ಷ — ಲ್ಯಾಬಿನ ಗಂಟೆ ಪೂರ್ತಿ ಗಂಟೆ ಆಗ್ಬೇಕು ಸರ್, ಅಂದೇಬಿಟ್ಟಳು. ಪ್ರಿನ್ಸಿಪಾಲರು ನಕ್ಕರು, ಅಷ್ಟೇನಾ, ನಿಮಗೋಸ್ಕರ ಪೂರ್ತಿ ಹಾಕಿಸ್ತೀನಿ, ಪಾಠದ ರೇಟು ಮಾತ್ರ ಸ್ವಲ್ಪ ಇಳಿಸ್ಬೇಕಾಗತ್ತೆ — ಬಲಕ್ಕೆ. ರಜೆ ಸಂಬಳ ಸರ್? ಅದು ಬೇಕಂದ್ರೆ ಗಂಟೆ ಕಮ್ಮಿ ಮಾಡ್ಬೇಕಲ್ಲಮ್ಮಾ — ಮತ್ತೆ ಬಲಕ್ಕೆ. ಅವಳಿಗೆ ನಗು ಬಂತು, ಅಯ್ಯೋ, ಒಂಬತ್ತು ವರ್ಷ ತಂತಿ ಉಜ್ಜಿದೆನಲ್ಲ, ಪೆನ್ನಿಗೆ ಮುಚ್ಚಳ ಹಾಕಿದಳು, ಟಕ್. ಇದನ್ನ ಮೊದಲಿಂದ ಬರೀಬೇಕು ಸರ್, ಅಲ್ಲೀವರೆಗೂ ಸಹಿ ಹಾಕಲ್ಲ. ನಾಳೆ ಪ್ರಾಕ್ಟಿಕಲ್ ಪರೀಕ್ಷೆ ಇದೆಯಲ್ಲಮ್ಮಾ, ಮಾಡ್ಸೋರು ಯಾರು? ಕೊನೆಯ ಬೆಂಚಿನವಳ ಮುಖ ಕಣ್ಣಿಗೆ ಕಟ್ಟಿತು, ಆದರೂ ಇಲ್ಲ, ಈ ಸಲ ಇಲ್ಲ, ಅದನ್ನೇ ಯೋಚ್ನೆ ಮಾಡಿ ಸರ್, ಬರ್ಸೋವರೆಗೂ ನಾನು ಇಲ್ಲೇ ಕೂತಿರ್ತೀನಿ. ಅವರ ನಗು ಆರಿದೆ, ಕನ್ನಡಕ ಮೂಗಿನ ಮೇಲೆ ಏರಿದೆ, ಕೈ ಫೋನಿನತ್ತ ಹೋಗಿ ನಿಂತಿದೆ, ಹೊರಗೆ ಗಂಟೆ ಹೊಡೆಯಿತು, ಹೊಡೆಯಲಿ, ಅವಳು ಕದಲುವುದಿಲ್ಲ, ಅವರು ಕಾಗದವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದಾರೆ, ಹರಿಯುತ್ತಾರೋ, ತಿದ್ದುತ್ತಾರೋ, ಕಣ್ಣ ಮುಂದೆ ಆ ಮುಳ್ಳು, ಬಲದ ಅಂಚು ಬಿಟ್ಟು, ನಡುಗುತ್ತ, ಸೊನ್ನೆಯತ್ತ, ಆ ಮುಳ್ಳು —