ನಾಲ್ಕನೆಯ ಗಿಳಿ

ಬೂದಿ, ಮತ್ತೆ ಬೂದಿ, ಪಕ್ಕದ ಆಲೆಮನೆಯ ಒಲೆಗೆ ಚಿಕ್ಕಮಾದು ಆಗಲೇ ಕಬ್ಬಿನ ಸಿಪ್ಪೆ ತುರುಕಿದ್ದಾನೆ, ಸುಟ್ಟ ಸಿಪ್ಪೆಯ ಕರಿ ಎಸಳೊಂದು ತೇಲಿ ತೇಲಿ ಬಂದು ಕಾರಿನ ಕೆಂಪು ಮಡ್ಗಾರ್ಡಿನ ಮೇಲೆ ಕೂತಿತು, ಒರೆಸಬಾರದು, ಒರೆಸಿದರೆ ಗೀರು ಬೀಳುತ್ತದೆ, ಊದಬೇಕು, ಹಮೀದ್ ಬಗ್ಗಿ ಊದಿದ, ಎಸಳು ಎದ್ದು ಇಂಜಿನ್ನಿನ ಕಡೆಗೇ ಹಾರಿತು, ಹಾರಲಿ, ಇನ್ನು ಚಿಂತೆಯಿಲ್ಲ, ಅದರ ಎಲ್ಲ ಬಾಯಿಗಳೂ ಮುಚ್ಚಿವೆ, ಹೊಸ ರಿಂಗು, ಹೊಸ ಗ್ಯಾಸ್ಕೆಟ್ಟು, ಹೊಸ ಆಯಿಲ್ಲು, ಭಾರತೀನಗರದ ಈ ತಗಡಿನ ಶೆಡ್ಡಿನಲ್ಲಿ ಕಳೆದ ಕಬ್ಬಿನ ಕಟಾವಿನಿಂದ ಬಿಚ್ಚಿಕೊಂಡು ಬಿದ್ದಿದ್ದದ್ದು ಇವತ್ತು ಉಸಿರಾಡಬೇಕು — ಏನ್ಲಾ ಅಮೀದು, ವರ್ಸದಿಂದ ಬಸುರಿ ಕಣ್ಲಾ ನಿನ್ನ ಕಾರು, ಇವತ್ತಾದ್ರೂ ಎರಿಗೆ ಆದಾತಾ, ಅಂತ ಚಿಕ್ಕಮಾದು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಾನೆ, ನಿನ್ನ ಒಲೆ ಆರಿಸು, ಆಮೇಲೆ ಆಯ್ತದೆ, ಅಂದಿದ್ದಕ್ಕೆ ಒಲೆ ಆರ್ಸುದ್ರೆ ಬೆಲ್ಲ ನಿಮ್ಮಪ್ಪ ಬೇಯಿಸ್ತನಾ ಅನ್ನುತ್ತಾನೆ, ಇವನು ನೋಡಿದ್ದು ಸಂಜೆಯೊಳಗೆ ಮಳವಳ್ಳಿಯವರೆಗೂ ಮುಟ್ಟುತ್ತದೆ — ಡ್ರೈವರ್ ಸೀಟಿನಲ್ಲಿ ಪಂಕಜಮ್ಮ, ಸೆರಗು ಹೊದ್ದು, ದೇವರ ಮುಂದೆ ಕೂತ ಹಾಗೆ ಕೂತಿದ್ದಾರೆ, ಮಗ ಸುಧೀಂದ್ರ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಫೋನು ಎತ್ತಿ ಹಿಡಿದಿದ್ದಾನೆ, ಕಾಯಿ ಒಡೆದಾಗಿದೆ, ಬೇಗ ಆಗಲಿ ಹಮೀದಣ್ಣ, ಶುಕ್ರವಾರ, ರಾಹುಕಾಲ ಬಂದ್ಬಿಡತ್ತೆ — ಬಂದರೆ ಬರಲಿ, ಅಲ್ಲ, ಬರಬಾರದು, ಈ ಅಮ್ಮನಿಗೆ ಬೇಕಾಗಿರುವುದು ಕಾರಲ್ಲ, ಸಿಳ್ಳೆ. ಮೊದಲ ದಿನವೇ ಹೇಳಿದ್ದರು, ನಮ್ಮ ಯಜಮಾನರು ಬೆಸಗರಹಳ್ಳಿ ತಿರುವಿಗೆ ಬಂದಾಗಲೇ ಇದು ಸುಯ್ ಅಂತ ಸಿಳ್ಳೆ ಹಾಕ್ತಿತ್ತು ಹಮೀದು, ಅದು ಕೇಳಿದ್ಮೇಲೆ ನಾನು ಒಗ್ಗರಣೆಗೆ ಇಡ್ತಿದ್ದೆ, ಬಾಗಿಲಿಗೆ ಬರೋಷ್ಟರಲ್ಲಿ ಸಾರು ಸಿದ್ಧ, ಆ ಸಿಳ್ಳೆ ಒಂದು ಬರತ್ತೇನಪ್ಪಾ ನೋಡು. ಸಿಳ್ಳೆ ಟರ್ಬೊದ್ದು, ಹೊಗೆಯ ರಭಸಕ್ಕೆ ಗಿರಗಿರ ತಿರುಗಿ ಇಂಜಿನ್ನಿಗೆ ಗಾಳಿ ಕುಡಿಸುವ ಪುಟ್ಟ ಚಕ್ರ, ಉಗುರಿನಷ್ಟು ತೆಳು ರೆಕ್ಕೆಗಳು, ಓಡಿಬಂದ ಎತ್ತನ್ನು ಬಂದ ಕೂಡಲೇ ಕಟ್ಟಬಾರದು, ಇಂಥ ಇಂಜಿನ್ನನ್ನೂ ನಿಂತ ಮೇಲೆ ಒಂದು ಗಳಿಗೆ ಸುಮ್ಮನೆ ಓಡಲು ಬಿಡಬೇಕು, ಆ ಯಜಮಾನರಿಗೆ, ಈಗಿಲ್ಲದ ವಕೀಲ ಶ್ಯಾಮಣ್ಣನವರಿಗೆ, ಸಾರಿನ ವಾಸನೆ ಬಡಿದರೆ ಮುಗಿಯಿತು, ಕೀ ತಿರುಗಿಸಿ ಒಳಗೆ ಓಟ, ಬಿಸಿ ಆಯಿಲ್ಲು ನಿಂತಲ್ಲೇ ಸೀದು, ವರ್ಷವರ್ಷವೂ ಸೀದು, ಬೇರಿಂಗು ತಿಂದುಹಾಕಿತ್ತು, ಟರ್ಬೊ ಸತ್ತಿದ್ದು ನಿಮ್ಮ ಸಾರಿನಿಂದ ಅಮ್ಮಾವ್ರೇ ಅಂತ ಯಾರು ಹೇಳುತ್ತಾರೆ, ಹೇಳಲಿಲ್ಲ, ರಿಪೇರಿ ಮಾಡಿಕೊಟ್ಟ ಕೊಯಮತ್ತೂರಿನವನು ಮಾತ್ರ ಖಡಾಖಂಡಿತ ಹೇಳಿದ್ದ, ಇನ್ನೊಂದು ಸಲ ಕೆಟ್ಟರೆ ತರಬೇಡಿ, ಇದರ ಜೋಡಿ ಈಗ ಎಲ್ಲೂ ಸಿಗುವುದಿಲ್ಲ.

ತಿರುಗಿಸಲೇನಪ್ಪಾ, ಅನ್ನುತ್ತಾರೆ ಪಂಕಜಮ್ಮ, ತಡೀರಿ ಅಮ್ಮಾವ್ರೇ ಒಂದು ನಿಮಿಷ, ಕೈ ಒರೆಸಿಕೊಳ್ಳಲು ತಂತಿಯ ಕಡೆ ತಿರುಗಿದ, ತಂತಿಯ ಮೇಲೆ ಹಳದಿ ಬಟ್ಟೆಯ ತುಂಡುಗಳು ಒಣಗುತ್ತಿವೆ, ಮಗಳು ಮಾಹೀನಳ ಹಳೆಯ ದುಪಟ್ಟಾ, ಆಲೆಮನೆಯ ಬೂದಿ ಒಳಗೆ ಬೀಳದಿರಲಿ ಅಂತ ಇಂಜಿನ್ನಿನ ತೆರೆದ ಬಾಯಿಗಳಿಗೆಲ್ಲ ತುರುಕಿದ್ದ ತುಂಡುಗಳು, ಕೆಲಸ ಮುಗಿದ ಮೇಲೆ ಅವಳೇ ಒಗೆದು ಹಾಕಿದ್ದಾಳೆ, ಒಂದೊಂದಕ್ಕೂ ಕೆಂಪು ದಾರದ ಬಾಲ, ಆ ಬಾಲ ಇವನೇ ಕಲಿಸಿದ್ದು, ಬಟ್ಟೆ ತುರುಕಿದರೆ ಬಾಲ ಹೊರಗಿರಬೇಕು ಬೇಟಾ, ಬಾಲ ಕಂಡರೆ ಬಟ್ಟೆ ಇದೆ, ಬಾಲ ಇಲ್ಲ ಅಂದರೆ ಬಟ್ಟೆ ಇಲ್ಲ, ಇದೊಂದು ಮರೆಯಬೇಡ — ಗಾಳಿಗೆ ತುಂಡುಗಳು ಅಲ್ಲಾಡಿದವು, ಒಂದರಲ್ಲಿ ಹಸಿರು ಗಿಳಿ, ಅಮ್ಮಿಜಾನ್ ಕಣ್ಣು ಚೆನ್ನಾಗಿದ್ದಾಗ ಮೊಮ್ಮಗಳಿಗೆ ಅಂತ ದುಪಟ್ಟಾದ ಮೂಲೆಮೂಲೆಗೂ ಹೊಲಿದ ಗಿಳಿ, ಆ ತುದಿಯಲ್ಲಿ ಇನ್ನೊಂದು, ಮಧ್ಯೆ ಮತ್ತೊಂದು, ತಲೆಕೆಳಗಾಗಿ ನೇತಾಡುತ್ತಿದೆ, ನಾಲ್ಕನೆಯದು. ನಾಲ್ಕನೆಯದು ಎಲ್ಲಿ. ಕೆಳಗೆ ಬಿದ್ದಿರಬೇಕು, ಇಲ್ಲ, ಬಕೆಟ್ಟಿನಲ್ಲಿ, ಇಲ್ಲ, ಮಾಹೀನಳ ಕೈಯಲ್ಲಿರುವುದು ಆಯಿಲ್ ಡಬ್ಬಿ, ಭುಜದ ಮೇಲಿರುವುದು ಟವೆಲ್ಲು, ಮುಖದ ಮೇಲೆ ಗ್ರೀಸು, ಕಣ್ಣು ಮಾತ್ರ ಹಬ್ಬದ ದಿನದ ಹಾಗೆ — ಟರ್ಬೊದ ಬಾಯಿಗೆ ಏರ್ ಫಿಲ್ಟರಿನ ಪೈಪು ಮುಚ್ಚಿ ಬಿಗಿ ಮಾಡಿದವಳು ಇವಳೇ, ಅವತ್ತು ಇವನು ಇರಲಿಲ್ಲ, ಅಮ್ಮಿಜಾನ್ ಬಚ್ಚಲಲ್ಲಿ ಜಾರಿಬಿದ್ದರು ಅಂತ ಮಂಡ್ಯದ ಗುತ್ತಲಿನಿಂದ ಫೋನು, ಕೈಯಲ್ಲಿದ್ದದ್ದು ಹಾಗೆಯೇ ಬಿಟ್ಟು ಮಂಡ್ಯಕ್ಕೆ ಓಡಿದ್ದ, ಆಸ್ಪತ್ರೆ, ಎಕ್ಸ್‌ರೇ, ಸೊಂಟ ಉಳಿಯಿತು, ವಾಪಸು ಬಂದಾಗ ಎಲ್ಲ ಕೂತಿತ್ತು, ನಾನೇ ಜೋಡಿಸಿದೆ ಅಬ್ಬಾ, ಭೇಷ್ ಅಂದಿದ್ದ, ಯಾಕೆ ಅಂದ, ಬಿಚ್ಚಿ ನೋಡದೆ ಯಾಕೆ ಅಂದ, ಆಸೆ, ಊರೆಲ್ಲ ಅಂದದ್ದೇ ಅಂದದ್ದು, ಹೆಣ್ಣುಮಗು ಕೈಗೆ ಸ್ಪ್ಯಾನರ್ ಕೊಟ್ಟಿದ್ದೀರಲ್ಲ ಸಾಬ್ರೇ, ನಾಳೆ ಕೊಟ್ಟ ಮನೆಯಲ್ಲಿ ಗೇರ್ ಬಾಕ್ಸ್ ಬಿಚ್ಚುತ್ತಾಳಾ, ನಗು, ಈ ಕಾರೊಂದು ಓಡಲಿ ನೋಡೋಣ ಅಂದುಕೊಂಡಿದ್ದ, ಈಗ ಎಲ್ಲರ ಮುಂದೆ ಪೈಪು ಬಿಚ್ಚಿ ಅವಳು ಮರೆತ ಬಟ್ಟೆ ಎಳೆದರೆ ಇವಳಿಗೆ ಜೀವಮಾನವೆಲ್ಲ ಅದೇ ಹೆಸರು, ಬಿಚ್ಚದಿದ್ದರೆ, ಕೀ ತಿರುಗಿದರೆ, ಚಕ್ರ ಬಟ್ಟೆ ಎಳೆದುಕೊಳ್ಳುತ್ತದೆ, ರೆಕ್ಕೆಗೆ ಗಿಳಿ ಸುತ್ತಿಕೊಳ್ಳುತ್ತದೆ, ಸಿಳ್ಳೆ ಅಲ್ಲ, ಕಿರುಚಾಟ, ಆಮೇಲೆ ಏನೂ ಇಲ್ಲ, ಎಂದೆಂದಿಗೂ ಇಲ್ಲ — ಬ್ಯಾಟರಿ ವೀಕಾಗಿದೆ ಅಂದುಬಿಡಲೇ, ನಾಳೆ ಬನ್ನಿ ಅಂದುಬಿಡಲೇ, ಪಂಕಜಮ್ಮನ ಬೆರಳು ಕೀಯ ಮೇಲಿದೆ, ಬಿಸ್ಮಿಲ್ಲಾ ಅನ್ನಪ್ಪಾ, ನಿಮ್ಮ ದೇವರ ಹೆಸರೂ ಹೇಳಿಬಿಡು, ತಿರುಗಿಸ್ತೀನಿ —

ಬೇಡ ಅಮ್ಮಾವ್ರೇ, ಕೈ ತೆಗೀರಿ. ಯಾರ ಗಂಟಲು ಇದು, ಇವನದೇ, ಸುಧೀಂದ್ರನ ಫೋನು ಕೆಳಗಿಳಿಯಿತು, ಏನಾಯ್ತು ಹಮೀದಣ್ಣ, ಟೈಮಿಲ್ಲ, ಪೈಪು ಒಂದು ಬಿಚ್ಚಿ ನೋಡಬೇಕು ಸ್ವಾಮಿ, ಯಾವ ಪೈಪು ಅಬ್ಬಾ, ಮಾಹೀನ್ ಆಯಿಲ್ ಡಬ್ಬಿ ಕೆಳಗಿಟ್ಟಳು, ಟರ್ಬೊದ್ದು, ಅದು ನಾನು ಜೋಡಿಸಿದ್ದು, ಗೊತ್ತು, ದಾರ ಎಲ್ಲಾ ಎಳೆದಿದ್ದೀನಿ ಅಬ್ಬಾ, ಒಂದೂ ಬಿಟ್ಟಿಲ್ಲ, ಗೊತ್ತಮ್ಮ, ಗೊತ್ತಿದ್ದರೆ ಯಾಕೆ ಬಿಚ್ಚುತ್ತೀರಿ, ಹಮೀದ್ ಬಗ್ಗಿ ಪೈಪು ಬಿಗಿದ ಕ್ಲಾಂಪಿನ ಸ್ಕ್ರೂ ಸಡಿಲಿಸಿದ, ಎಷ್ಟು ಚೆನ್ನಾಗಿ ಬಿಗಿದಿದ್ದಾಳೆ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ, ಹಿಂದುಗಡೆ ಚಿಕ್ಕಮಾದು, ಅವ್ವಾ ಪಂಕಜಮ್ಮೋರೆ, ರಾವುಕಾಲ ಬಂತು, ಇಳೀರಿ, ಬೆಲ್ಲದ ಪಾಕ ಕುಡೀವ್ರಂತೆ, ಕಾರು ಎಲ್ಗೂ ಓಡೋಗಕಿಲ್ಲ, ಮೊಣಕೈ ಹಾಗೆ ಬಾಗಿದ ರಬ್ಬರು ಪೈಪು ಕೈಗೆ ಬಂತು, ಖಾಲಿ, ಒಳಗೆಲ್ಲ ಖಾಲಿ, ಅಲ್ಲಾ, ಖಾಲಿ, ಟರ್ಬೊದ ಬಾಯಿಗೆ ಬೆರಳು ಹಾಕಿದ, ತಣ್ಣಗಿನ ಲೋಹ, ಇನ್ನೂ ಒಳಗೆ, ಮೆತ್ತಗೆ. ಮೆತ್ತಗೆ ಏನೋ. ಎರಡು ಬೆರಳಲ್ಲಿ ಹಿಡಿದು ಎಳೆದ, ಸುರುಳಿ ಸುತ್ತಿ, ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ಆಳಕ್ಕೆ ತುರುಕಿದ ಬಟ್ಟೆ, ಮಾಹೀನ್ ಮಡಿಸುತ್ತಾಳೆ, ಸುರುಳಿ ಸುತ್ತುವುದಿಲ್ಲ, ಗೇಣುದ್ದ ದಾರ ಕಟ್ಟದೆ ಅವಳು ಒಂದು ಬಟ್ಟೆಯನ್ನೂ ಮುಟ್ಟುವುದಿಲ್ಲ, ದಾರ ಕಾಣಲಿಲ್ಲ, ಬಟ್ಟೆ ಇಲ್ಲ ಅಂದುಕೊಂಡಳು, ಕಲಿಸಿದ ಹಾಗೆಯೇ ಅಂದುಕೊಂಡಳು, ಹೀಗೆ ಸುರುಳಿ ಸುತ್ತುವವನು ಈ ಶೆಡ್ಡಿನಲ್ಲಿ ಒಬ್ಬನೇ, ಫೋನು ಕಿವಿಗೆ ಒತ್ತಿಕೊಂಡು, ಜಾರಿಬಿದ್ದರಾ, ಎಲ್ಲಿ, ಬಂದೆ ಬಂದೆ ಅನ್ನುತ್ತ, ಇನ್ನೊಂದು ಕೈಯಲ್ಲಿ — ಮಗ್ಳು ಕೆಲ್ಸವೇನ್ಲಾ, ಅಂದ ಚಿಕ್ಕಮಾದು, ಕತ್ತು ಉದ್ದ ಮಾಡಿ. ಅಲ್ಲ ಕಣ್ಲಾ, ನಂದು, ಅಂದ ಹಮೀದ್, ಹೊರಗಿನ ರಸ್ತೆಗೂ ಕೇಳುವ ಹಾಗೆ ಇನ್ನೊಂದು ಸಲ ಅಂದ, ನಂದೇ, ಮಗಳು ಸರಿಯಾಗೇ ಮಾಡವ್ಳೆ. ಅವಳ ಕಡೆ ತಿರುಗಬೇಕು, ಏನಾದರೂ ಹೇಳಬೇಕು, ರಾಹುಕಾಲ ಕಳೆಯಲಿ, ಆಮೇಲೆ ಪೈಪು ಹಾಕಬೇಕು, ಅವಳ ಕೈಯಲ್ಲೇ ಹಾಕಿಸಬೇಕು, ತಿರುಗಬೇಕು, ಅಂಗೈಯಲ್ಲಿ ಸುರುಳಿ ತಾನಾಗಿಯೇ ಬಿಚ್ಚಿಕೊಳ್ಳುತ್ತಿದೆ, ಹಳದಿ, ಆಯಿಲ್ಲಿನ ಕಲೆ, ಹಸಿರು ದಾರದ ಕೊಕ್ಕು, ಕೆಂಪು ಬಾಲವಿಲ್ಲದ ಗಿಳಿ, ನಾಲ್ಕನೆಯದು, ಗಿಳಿ.