ರೇಡಿಯೊ ಮುಟ್ಟದ ಆರು ಗಂಟೆ

ನಮ್ಮ ಕಚೇರಿಯಲ್ಲಿ ಯುದ್ಧ ನಡೆಯುವುದು ಮೇಜಿನ ಮೇಲೆ. ಇನ್ನು ಹತ್ತು ವರ್ಷಕ್ಕೆ ಶತ್ರು ಹೇಗೆ ಬರಬಹುದೆಂದು ಊಹಿಸಿ, ನಕ್ಷೆ ಹರಡಿ, ಮರದ ಬಿಲ್ಲೆ ಸರಿಸಿ, ದಾಳ ಹಾಕಿ ಹೊಸ ಯುದ್ಧಕ್ರಮ ಬರೆಯುವುದು ನನ್ನ ಕೆಲಸ. "ನಮ್ಮಕ್ಕ ಆಟ ಆಡಿ ಸಂಬಳ ತಗೊಳ್ತಾಳೆ" ಎಂದು ಸೈನ್ಯದಲ್ಲಿದ್ದ ತಮ್ಮ ಕಾಲೆಳೆಯುತ್ತಿದ್ದ.

ರೇಡಿಯೊ ಒತ್ತಿದವನನ್ನು ಡ್ರೋನು ಕ್ಷಣದಲ್ಲಿ ಪತ್ತೆಹಚ್ಚುತ್ತದೆ. ಆದ್ದರಿಂದ ಮುಂದೆ ಹೋದ ತುಕಡಿ ಆರು ಗಂಟೆ ರೇಡಿಯೊ ಮುಟ್ಟಕೂಡದು, ಏನೇ ಆದರೂ. ಇದು ನನ್ನ ಹೊಸ ಕ್ರಮ. 'ಏನೇ ಆದರೂ' ಎಂದು ಸೇರಿಸಿದವಳೂ ನಾನೇ. ಹದಿನೇಳು ಸಲ ಆಡಿದೆವು, ಹದಿನೇಳೂ ಸಲ ಗೆದ್ದೆವು. ನಮ್ಮ ಆಟದಲ್ಲಿ ಶತ್ರುವಿನ ಗುಂಡಿನಿಂದ ಮಾತ್ರ ಸಾವಿತ್ತು. ಕಾಲು ಜಾರುವುದಕ್ಕೆ, ಗಾಡಿ ಮಗುಚುವುದಕ್ಕೆ ದಾಳವೇ ಇರಲಿಲ್ಲ. ಎಂಟು ಜನ ಬುದ್ಧಿವಂತರು ಕೂತಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ.

ಬಯಲಿನ ಪರೀಕ್ಷೆಗೆ ತಮ್ಮನ ತುಕಡಿಯನ್ನೇ ಆರಿಸಿದರು. ಹಿಂದಿನ ದಿನ ಫೋನ್ ಮಾಡಿದ್ದ.

"ಅಕ್ಕಾ, ನಿನ್ನ ಪುಸ್ತಕ ಬಾಯಿಪಾಠ ಮಾಡಿಸಿದ್ದಾರೆ. ಶಾಲೇಲೂ ಇಷ್ಟು ಓದಿರಲಿಲ್ಲ ಕಣೇ."

"ತಪ್ಪಿದ್ರೆ ಕಿವಿ ಹಿಂಡ್ತೀನಿ ನೋಡು," ಎಂದೆ.

ಮೂರನೆಯ ಗಂಟೆಯಲ್ಲಿ ಇಳಿಜಾರಿನಲ್ಲಿ ಗಾಡಿ ಮಗುಚಿತು. ತಮ್ಮನ ತೊಡೆ ಅದರಡಿ ಸಿಕ್ಕಿಕೊಂಡಿತು. ಜೊತೆಯವನು ರೇಡಿಯೊಗೆ ಕೈ ಹಾಕಿದರೆ ಇವನೇ ತಡೆದನಂತೆ: "ಬೇಡ್ರೋ, ಬರೀ ಕಾಲು ತಾನೆ. ಅಕ್ಕನ ಪರೀಕ್ಷೆ ಕೆಡುತ್ತೆ. ಯಾರಾದ್ರೂ ಓಡಿ ಹೋಗಿ ಹೇಳಿ." ಓಡಿದವನು ಶಿಬಿರ ಮುಟ್ಟಲು ಎರಡು ಗಂಟೆ ಬೇಕಾಯಿತು. ಅಷ್ಟರಲ್ಲಿ ರಕ್ತವೆಲ್ಲ ಹರಿದು ತಮ್ಮ ಹೋಗಿಬಿಟ್ಟಿದ್ದ.

ನಾವು ಬೆನ್ನ ಹಿಂದೆ 'ಮೀಸೆ' ಎನ್ನುವ ಮೇಲಧಿಕಾರಿ ವರದಿ ತಂದಿಟ್ಟರು. ಹುಡುಕಲು ಬಿಟ್ಟ ಡ್ರೋನುಗಳಿಗೆ ತುಕಡಿ ಕೊನೆಯವರೆಗೂ ಸಿಕ್ಕಿರಲಿಲ್ಲ. ಫಲಿತಾಂಶ: ಯಶಸ್ವಿ.

"ನೀವು ಸಹಿ ಹಾಕೋದು ಬೇಡಮ್ಮ, ಬೇರೆಯವರ ಹತ್ರ ಹಾಕಿಸ್ತೀನಿ. ಆದದ್ದಾಯ್ತು," ಎಂದರು.

ಒಳ್ಳೆಯ ಮನುಷ್ಯ. ಆ ಒಳ್ಳೆಯತನಕ್ಕೇ ನನಗೆ ಮೈಯೆಲ್ಲ ಉರಿಯಿತು. ಅವರ ಕೈಯಿಂದ ಪೆನ್ನು ಕಿತ್ತುಕೊಂಡು 'ಯಶಸ್ವಿ' ಎಂಬುದನ್ನು ಹೊಡೆದುಹಾಕಿ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದೆ. ಕಾಗದದ ಮೇಲೆ ಒಪ್ಪಿಕೊಳ್ಳುವುದು ಸುಲಭ.

ಮನೆಯಲ್ಲಿ ಅಮ್ಮ ಮೂರು ದಿನದಿಂದ ಅವನ ಅಂಗಿಗಳನ್ನೇ ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದಳು.

"ಕೈಲಿ ರೇಡಿಯೊ ಇತ್ತಂತಲ್ಲೇ. ಮಗು ಯಾಕೆ ಕರೀಲಿಲ್ಲ? ಯಾವ ಪಾಪಿ ಬೇಡ ಅಂದಿದ್ದು?"

ಮೀಸೆಯ ಹೆಸರು ಹೇಳಬಹುದಿತ್ತು. ಅಮ್ಮ ನಂಬುತ್ತಿದ್ದಳು.

"ನಾನೇ ಅಮ್ಮ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅಂಗಿಗಳನ್ನೆಲ್ಲ ಎದೆಗವಚಿಕೊಂಡು ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅಳುತ್ತಾ ಕದ ಬಡಿದೆ. ತೆಗೆಯಲಿಲ್ಲ.